ಡ್ರೈವಿಂಗ್ ವೇಳೆ ಫೋನ್: ನಿಷೇಧ ಬೆಳೆದು ಬಂದ ದಾರಿ

ಮಂಗಳೂರಿನ ನಂತೂರು ಸರ್ಕಲ್‌ನಲ್ಲಿ ಸಂಜೆ ಹೊತ್ತು ಸ್ವಲ್ಪ ನಿಂತು ನೋಡಿ. ಹೆಲ್ಮೆಟ್ ಒಳಗೆ ಫೋನ್ ಸಿಕ್ಕಿಸಿಕೊಂಡು ಮಾತಾಡುವ ಬೈಕ್ ಸವಾರರು ಕಾಣುತ್ತಾರೆ. ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಮೆಸೇಜ್ ನೋಡುವ ಕಾರಿನವರೂ ಇದ್ದಾರೆ. ಇದು ತಪ್ಪು ಎಂದು ಎಲ್ಲರಿಗೂ ಗೊತ್ತು. ಆದರೆ ಕಾಯ್ದೆ ಇದನ್ನು ಹೆಸರು ಹಿಡಿದು ಅಪರಾಧ ಎಂದದ್ದು ತೀರಾ ಈಚೆಗೆ.

ಮೋಟಾರು ವಾಹನ ಕಾಯ್ದೆ 1988ರದ್ದು. ದೇಶದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಹಾಗಾಗಿ ಕಾಯ್ದೆಯಲ್ಲಿ ಮೊಬೈಲಿನ ಸುದ್ದಿಯೇ ಇರಲಿಲ್ಲ. ಆಮೇಲೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ, ಲೈಸೆನ್ಸಿಗೆ ಕುತ್ತು ತರುವ ತಪ್ಪುಗಳ ಪಟ್ಟಿಗೆ ಇದೂ ಸೇರಿತು. ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿ, ಹೀಗೆ ಸಿಕ್ಕಿಬಿದ್ದವರ ಲೈಸೆನ್ಸನ್ನು ಕನಿಷ್ಠ 3 ತಿಂಗಳು ಅಮಾನತು ಮಾಡಿ ಎಂದು ರಾಜ್ಯಗಳಿಗೆ ಹೇಳಿತು.

ಆದರೂ ಗೊಂದಲ ಮುಗಿಯಲಿಲ್ಲ. ತಲಪಾಡಿ ದಾಟಿದರೆ ಕೇರಳ ಅಲ್ವಾ? 2018ರಲ್ಲಿ ಅಲ್ಲಿನ ಹೈಕೋರ್ಟ್, ಜನರಿಗೆ ಅಪಾಯ ಆಗದಿದ್ದರೆ ಬರೀ ಫೋನಿನಲ್ಲಿ ಮಾತಾಡಿದ್ದಕ್ಕೆ ರಾಜ್ಯದ ಪೊಲೀಸ್ ಕಾಯ್ದೆಯಡಿ ಕೇಸು ನಿಲ್ಲದು ಎಂದಿತು.

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಈ ಅನುಮಾನಕ್ಕೆ ತೆರೆ ಎಳೆಯಿತು. ಸೆಪ್ಟೆಂಬರ್ 1ರಿಂದ 184ನೇ ಸೆಕ್ಷನ್‌ನಲ್ಲಿ, ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನ ಬಳಸುವುದೂ ಅಪಾಯಕಾರಿ ಚಾಲನೆ ಎಂದಾಯಿತು. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳಿಂದ 1 ವರ್ಷ ಜೈಲು, ಇಲ್ಲವೇ ಎರಡೂ. ಜನ ಗಲಾಟೆ ಎಬ್ಬಿಸಿದರು. ಅದೇ ತಿಂಗಳು ಕರ್ನಾಟಕ ಸರ್ಕಾರ ಹಲವು ದಂಡಗಳನ್ನು ಇಳಿಸಿತು. ನನ್ನ ಮಟ್ಟಿಗೆ ಅದು ಹಿಂದಿಟ್ಟ ಹೆಜ್ಜೆ. 2020ರ ಅಕ್ಟೋಬರ್‌ನಿಂದ ದಾರಿ ನೋಡುವುದಕ್ಕೆ ಮಾತ್ರ, ಅದೂ ಗಮನ ಕೆಡದ ಹಾಗೆ, ಫೋನ್ ಬಳಸಬಹುದು ಎಂಬ ನಿಯಮ ಬಂತು.

ಬ್ರಿಟನ್ ಕಥೆಯೂ ಹೀಗೇ. ಅಲ್ಲಿ ನಿಷೇಧ ಬಂದದ್ದು 2003ರಲ್ಲಿ. ಆದರೆ ಅದು ಕರೆ, ಮೆಸೇಜ್‌ನಂಥ ಸಂಪರ್ಕಕ್ಕಷ್ಟೇ ಅನ್ವಯ ಎಂದು 2019ರಲ್ಲಿ ಕೋರ್ಟ್ ಹೇಳಿತು. ಕಾರು ಓಡಿಸುತ್ತಲೇ ಅಪಘಾತದ ವಿಡಿಯೋ ಮಾಡಿದವರೊಬ್ಬರು ಬಚಾವಾದರು. ಆ ಕಿಂಡಿ ಮುಚ್ಚಲು 2022 ಬೇಕಾಯಿತು.

ಎಲ್ಲ ಕಡೆ ಕಾನೂನು ನೋಡಿದ್ದು ಕೈಯನ್ನು. ಕೆಡುವುದು ಗಮನ. ಕೆನಡಾದ ಟೊರೊಂಟೋದಲ್ಲಿ ಅಪಘಾತವಾದ ಚಾಲಕರ ಫೋನ್ ಬಿಲ್‌ಗಳನ್ನು ತಾಳೆ ಹಾಕಿ ನೋಡಿದ ಅಧ್ಯಯನ 1997ರಲ್ಲೇ ಪ್ರಕಟವಾಗಿತ್ತು. ಮಾತಾಡುವಾಗ ಅಪಘಾತದ ಸಾಧ್ಯತೆ ಸುಮಾರು 4 ಪಟ್ಟು ಜಾಸ್ತಿ. ಹ್ಯಾಂಡ್ಸ್-ಫ್ರೀ ಬಳಸಿದವರಿಗೂ ಏನೂ ರಿಯಾಯಿತಿ ಕಾಣಲಿಲ್ಲ. ಪಡುಬಿದ್ರಿ, ಕಾಪು ಕಡೆ ಹೈವೇಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವಾಗ 5 ಸೆಕೆಂಡ್ ಸ್ಕ್ರೀನ್ ನೋಡಿದರೆ, 80 ಮೀಟರಿಗೂ ಹೆಚ್ಚು ದೂರ ಕಣ್ಣು ಮುಚ್ಚಿ ಹೋದ ಹಾಗೆ. ಮಳೆಗಾಲದಲ್ಲಿ ಬ್ರೇಕ್ ಹಿಡಿದರೂ ಗಾಡಿ ಬೇಗ ನಿಲ್ಲದು.

ನಮ್ಮ ಕರಾವಳಿಯಲ್ಲಿ ಇನ್ನೊಂದು ಸಂಗತಿ ಇದೆ. ಇಲ್ಲಿ ಖಾಸಗಿ ಬಸ್‌ಗಳೇ ಜಾಸ್ತಿ, ಟೈಮಿಂಗ್‌ನದ್ದೇ ಪೈಪೋಟಿ. ಮಣಿಪಾಲದಲ್ಲಿ ಊಟ ತಲುಪಿಸುವ ಹುಡುಗರಿಗೆ ಮ್ಯಾಪ್, ಆರ್ಡರ್, ಗಿರಾಕಿಯ ಕರೆ ಎಲ್ಲವೂ ಒಂದೇ ಫೋನಿನಲ್ಲಿ. "ಎಲ್ಲಿ ಮುಟ್ಟಿದ್ರಿ?" ಎಂದು ಕೇಳುವುದು ಮನೆಯವರು, ಮಾಲೀಕರು, ಗಿರಾಕಿಗಳು. ದಂಡ ಕಟ್ಟುವುದು ಓಡಿಸುವವರು. ಕರೆ ಮಾಡಿದವರ ಬಗ್ಗೆ 184ನೇ ಸೆಕ್ಷನ್‌ನಲ್ಲಿ ಒಂದು ಮಾತೂ ಇಲ್ಲ. ಬಸ್ಸಿನ ವಿಷಯದಲ್ಲಾದರೂ ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಟ್ರಿಪ್ ನಡುವೆ ಏನಾದರೂ ಹೇಳಲಿಕ್ಕಿದ್ದರೆ ಮಾಲೀಕರು ಕಂಡಕ್ಟರ್‌ಗೆ ಫೋನ್ ಮಾಡಲಿ. ಡ್ರೈವರ್ ಫೋನ್ ಟ್ರಿಪ್ ಮುಗಿಯುವವರೆಗೆ ಕಂಡಕ್ಟರ್ ಚೀಲದಲ್ಲೇ ಇರಲಿ.