ವಾರ ಕಳೆದು ಏಳುವ ಬಾವು

ಧಾರವಾಡದ ನಮ್ಮ ಓಣಿಯಲ್ಲಿ ಯಾವ ಅಜ್ಜಿಯ ತೋಳು ನೋಡಿದರೂ ಎಂಟಾಣೆ ಅಗಲದ ಕಲೆ ಸಿಗುತ್ತದೆ. ಕೇಳಿದರೆ ‘ದೇವಿ ಹಾಕಿದ್ದವಾ’ ಅನ್ನುತ್ತಾರೆ. ಸಿಡುಬಿನ ಲಸಿಕೆಯ ಗುರುತು ಅದು. ಮೂರ್ನಾಲ್ಕು ದಿನಕ್ಕೆ ಗುಳ್ಳೆ, ವಾರಕ್ಕೆ ಕೀವು, ಆಮೇಲೆ ಹಕ್ಕಳೆ. ಗುಳ್ಳೆ ಏಳದಿದ್ದರೇ ಚಿಂತೆ, ಲಸಿಕೆ ಹತ್ತಲಿಲ್ಲ ಅಂತ ಮತ್ತೆ ಹಾಕುತ್ತಿದ್ದರು.

1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗ್ ಹಬ್ಬಿದಾಗ ಹಾಫ್‌ಕಿನ್ ತಯಾರಿಸಿದ ಲಸಿಕೆಯನ್ನು ಇಲ್ಲಿನ ಸಾವಿರಾರು ಜನರಿಗೆ ಚುಚ್ಚಿದರು. ಅದರ ಜ್ವರ, ನೋವು ಬಂದದ್ದು ಚುಚ್ಚಿಸಿಕೊಂಡ ಸ್ವಲ್ಪ ಹೊತ್ತಿಗೇ. ಇಂಥದಕ್ಕೆ ಜನ ಬೇಗ ಒಗ್ಗಿಕೊಳ್ಳುತ್ತಾರೆ. ಲಸಿಕೆ ಹಾಕಿಸಿಕೊಂಡು ವಾರ ಕಳೆದು, ಎಲ್ಲ ಮರೆತ ಮೇಲೆ ತೋಳು ಕೆಂಪಾಗಿ ಊದಿದರೆ ಮಾತ್ರ ಗಾಬರಿ, ಅಲ್ವಾ?

ಬಾವು ಇಷ್ಟು ತಡವಾಗಿ ಏಳುವುದು ಯಾಕೆ? ಕ್ಷಯದ ಪರೀಕ್ಷೆಗೆ ಮುಂಗೈಗೆ ಸೂಜಿ ಚುಚ್ಚಿ, ‘ಎರಡು ಮೂರು ದಿನ ಬಿಟ್ಟು ಬಂದು ತೋರಿಸಿ’ ಅನ್ನುತ್ತಾರಲ್ಲ, ಉತ್ತರ ಅಲ್ಲೇ ಇದೆ. ಇದು ಫ್ರಾನ್ಸಿನ ವೈದ್ಯ ಮಾಂಟೂ 1908ರಲ್ಲಿ ತೋರಿಸಿದ ವಿಧಾನ. ಹಳೆಯ ಶತ್ರುವಿನ ಗುರುತು ಹಿಡಿಯುವ ಟಿ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಆ ಜಾಗಕ್ಕೆ ಬಂದು ಸೇರಲು ಹೊತ್ತು ಹಿಡಿಯುತ್ತದೆ. ಸೇರಿದ ಮೇಲೇ ಗಟ್ಟಿ, ಕೆಂಪು, ತುರಿಕೆ.

ಎಲ್ಲ ಬಾವಿಗೂ ಇದೇ ಕಾರಣ ಅಂತಲ್ಲ. ಕ್ಷಯ ತಡೆಯಲು ಹಾಕುವ ಬಿಸಿಜಿ ಲಸಿಕೆಯಲ್ಲಿ ಇರುವುದು ಜೀವಂತ, ಆದರೆ ಸಪ್ಪೆ ಮಾಡಿದ ರೋಗಾಣು. ಹಾಗಾಗಿ ಕೂಸಿನ ಎಡತೋಳಲ್ಲಿ ಎರಡು ಮೂರು ವಾರಕ್ಕೆ ಗುಳ್ಳೆ ಎದ್ದು, ಒಡೆದು, ತಾನೇ ಒಣಗಿ ಕಲೆ ಉಳಿಯುತ್ತದೆ. ಇನ್ನು ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿಯಂಥ ಲಸಿಕೆಗಳಲ್ಲಿ, ಅವುಗಳ ಬಲ ಹೆಚ್ಚಿಸಲು ಅಲ್ಯೂಮಿನಿಯಂ ಲವಣ ಇರುತ್ತದೆ. 1926ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಗ್ಲೆನಿ ಇದನ್ನು ಶುರುಮಾಡಿದ್ದು ಪಟಿಕದಿಂದಲೇ, ಹೌದು, ಕಟಿಂಗ್ ಅಂಗಡಿಯಲ್ಲಿ ಗಲ್ಲಕ್ಕೆ ತಿಕ್ಕುವ ಅದೇ ಪಟಿಕ! 1990ರ ದಶಕದಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಇಂಥ ಲಸಿಕೆ ಪಡೆದ ಸುಮಾರು ನೂರಕ್ಕೆ ಒಂದು ಮಗುವಿಗೆ, ಲಸಿಕೆಯಾಗಿ ತಿಂಗಳುಗಳಾದ ಮೇಲೆ ಚುಚ್ಚಿದಲ್ಲಿ ತುರಿಸುವ ಗಂಟು ಕಂಡಿತು. ನೆಗಡಿ ಬಂದಾಗ ತುರಿಕೆ ಜಾಸ್ತಿ. ವರ್ಷಗಟ್ಟಲೆ ಕಾಡಿ, ನಿಧಾನವಾಗಿ ಕಡಿಮೆಯಾಯಿತು.

2021ರಲ್ಲಿ ಸುದ್ದಿಯಾದದ್ದು ಮಾಡರ್ನಾದ ಕೋವಿಡ್ ಲಸಿಕೆ. ಪ್ರಯೋಗದಲ್ಲಿ ಮೊದಲ ಡೋಸ್ ಪಡೆದವರಲ್ಲಿ ಶೇ. 0.8 ಜನರಿಗೆ ಎಂಟನೇ ದಿನ ಅಥವಾ ಆಮೇಲೆ ತೋಳು ಕೆಂಪಾಗಿ ಊದಿತ್ತು. ಅಮೆರಿಕದ ವೈದ್ಯರು ಆ ವರ್ಷ ಇಂಥ 12 ಜನರ ವಿವರ ಪ್ರಕಟಿಸಿದರು. ಎಲ್ಲರೂ ಎರಡನೇ ಡೋಸ್ ಹಾಕಿಸಿಕೊಂಡರು, ಅರ್ಧ ಜನರಿಗೆ ಬಾವು ಮರುಕಳಿಸಲೇ ಇಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಕೋವಿಶೀಲ್ಡ್, ಕೋವ್ಯಾಕ್ಸಿನ್. ಆದರೂ ಆ ಕೆಂಪು ತೋಳಿನ ಫೋಟೊ ಹುಬ್ಬಳ್ಳಿಯ ವಾಟ್ಸಾಪಿಗೂ ಬಂದಿತ್ತು.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಇಂಥ ತಡವಾದ ಬಾವನ್ನು ಸೋಂಕು ಅಂದುಕೊಂಡು ಸುಮ್ನೆ ಆ್ಯಂಟಿಬಯೋಟಿಕ್ ನುಂಗಿಸುತ್ತಾರೆ. ಬಿಸಿಜಿ ಗುಳ್ಳೆಗಂತೂ ಅರಿಶಿನ, ಸುಣ್ಣ, ಏನೂ ಹಚ್ಚಬಾರದು, ಹಿಚುಕಬಾರದು. ಕಂಕುಳಲ್ಲಿ ಗಡ್ಡೆ ದಪ್ಪವಾದರೆ, ಬಾವಿನ ಜೊತೆ ಜ್ವರ ಏರಿದರೆ ಡಾಕ್ಟರಿಗೆ ತೋರಿಸಿ.