ಮೆಕ್ಕೆಜೋಳ ತಿನ್ನೋ ಹೋರಿಗೆ ಸುಣ್ಣದ ಕಲ್ಲು ಯಾಕೆ?

ಅಮೆರಿಕದ ನೆಬ್ರಾಸ್ಕಾ, ಕಾನ್ಸಾಸ್, ಟೆಕ್ಸಾಸ್ ಕಡೆ ಮಾಂಸಕ್ಕೆ ಅಂತ ಸಾಕೋ ಹೋರಿಗಳನ್ನ ಕೊನೇ ನಾಲ್ಕಾರು ತಿಂಗಳು ಫೀಡ್‌ಲಾಟ್ ಅನ್ನೋ ದೊಡ್ಡಿಗೆ ತಂದು ಮೆಕ್ಕೆಜೋಳ ತಿನ್ನಿಸ್ತಾರೆ, ಬೇಗ ಮೈ ತುಂಬ್ಲಿ ಅಂತ. ಮೈಯೇನೋ ತುಂಬುತ್ತೆ, ಆದ್ರೆ ಖನಿಜದ ಲೆಕ್ಕ ಪೂರಾ ಉಲ್ಟಾ ಆಗುತ್ತೆ. 10 ಕೆಜಿ ಮೆಕ್ಕೆಜೋಳದಲ್ಲಿ ರಂಜಕ (ಫಾಸ್ಫರಸ್) ಸುಮಾರು 30 ಗ್ರಾಂ, ಕ್ಯಾಲ್ಸಿಯಂ ಬರೀ 3 ಗ್ರಾಂ. ದನಕ್ಕೆ ಬೇಕಿರೋದು ರಂಜಕಕ್ಕಿಂತ ಕ್ಯಾಲ್ಸಿಯಂ ಜಾಸ್ತಿ, ಒಂದೂವರೆಯಿಂದ ಎರಡು ಪಟ್ಟು ಇದ್ರೆ ಒಳ್ಳೇದು.

ಹುಲ್ಲು ಮೇಯುವಾಗ ಗಂಟೆಗಟ್ಟಲೆ ಮೆಲುಕು ಹಾಕುತ್ತಲ್ಲ, ಆಗ ಹೆಚ್ಚಾದ ರಂಜಕ ಜೊಲ್ಲಿನ ಜೊತೆ ಹೊಟ್ಟೆಗೆ ಹೋಗಿ ಸಗಣಿಯಲ್ಲಿ ಹೊರಗೆ ಬರುತ್ತೆ. ಕಾಳು ತಿಂದ್ರೆ ಅಗಿಯೋದೇ ಕಮ್ಮಿ, ಜೊಲ್ಲೂ ಕಮ್ಮಿ, ಹಾಗಾಗಿ ರಂಜಕ ಮೂತ್ರದ ದಾರಿ ಹಿಡಿಯುತ್ತೆ, ಅಲ್ಲಿ ಹರಳುಗಟ್ಟಿ ಕಲ್ಲಾಗುತ್ತೆ. ಬೀಜ ಒಡೆದ ಹೋರಿಗಳ ಮೂತ್ರನಾಳ ಸಣ್ಣದು, ಜೊತೆಗೆ ಮಧ್ಯದಲ್ಲಿ ಎರಡು ತಿರುವು ಬೇರೆ, ಕಲ್ಲು ಅಲ್ಲೇ ಸಿಕ್ಕಿಕೊಳ್ಳುತ್ತೆ. ಮೂತ್ರಕೋಶ ಒಡೆದ್ರೆ ಕೆಳಹೊಟ್ಟೆ ಎಲ್ಲಾ ನೀರು ತುಂಬಿ ಊದಿಕೊಳ್ಳುತ್ತೆ, ಆಮೇಲೆ ಉಳಿಸೋದು ಬಹಳ ಕಷ್ಟ.

ಪರಿಹಾರ ಮಾತ್ರ ತೀರಾ ಅಗ್ಗದ್ದು, ಕ್ಯಾಲ್ಸಿಯಂ ಕೊರತೆ ತುಂಬೋ ಸುಣ್ಣದ ಕಲ್ಲಿನ ಪುಡಿ. ನೂರು ಕೆಜಿ ಮೇವಿಗೆ ಕೆಜಿ, ಒಂದೂವರೆ ಕೆಜಿ ಬೆರೆಸಿದ್ರೆ ಸಾಕು. ಕಲ್ಲಿನ ಕಾಟ ಜಾಸ್ತಿ ಇದ್ರೆ ಅಮೋನಿಯಂ ಕ್ಲೋರೈಡ್ ಅನ್ನೋ ಉಪ್ಪನ್ನೂ ಸೇರಿಸ್ತಾರೆ, ಅದ್ರಿಂದ ಮೂತ್ರ ಹುಳಿಯಾಗುತ್ತೆ, ಹುಳಿಯಾದ್ರೆ ಈ ಹರಳು ಕಟ್ಟಲ್ಲ. ನಮ್ ಕಡೆ ಹಬ್ಬಕ್ಕೆ ಕೊಬ್ಬಿಸೋಕೆ ಹೋತಗಳಿಗೆ ಬರೀ ಜೋಳ, ಬೂಸಾ ಹಾಕ್ತಾ ಹೋದ್ರೂ ಇದೇ ಕತೆ, ಬೂಸಾದಲ್ಲಂತೂ ರಂಜಕ ಜೋಳಕ್ಕಿಂತ ಜಾಸ್ತಿ.

ರಂಜಕ ಬೇರೆಯಾಗಿ ಕೊಡೋ ಅಗತ್ಯ ಫೀಡ್‌ಲಾಟಲ್ಲಿ ಸಾಮಾನ್ಯವಾಗಿ ಇಲ್ಲವೇ ಇಲ್ಲ. ಕಾಳಿನ ರಂಜಕದ ಬಹುಪಾಲು ಫೈಟೇಟ್ ಅನ್ನೋ ಬಿಗಿಯಾಗಿ ಕಟ್ಟಿಹೋದ ರೂಪದಲ್ಲಿ ಇರುತ್ತೆ, ಕೋಳಿ ಹಂದಿಗೆ ಅದು ಸರಿಯಾಗಿ ದಕ್ಕಲ್ಲ, ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಬಿಡಿಸಿ ಕೊಡ್ತವೆ. ಸುಮ್ನೆ ಸುರಿದ್ರೆ ದುಡ್ಡೂ ದಂಡ, ಗೊಬ್ಬರದ ಮೂಲಕ ಕೆರೆ ಹೊಳೆಗೂ ಹಾಳು.

ಇನ್ನೊಂದು ತಲೆನೋವು ಗಂಧಕ. ಜೋಳದಿಂದ ಎಥನಾಲ್ ತೆಗೆದಮೇಲೆ ಉಳಿಯೋ ಚರಟ ಅಗ್ಗದ ಮೇವು, ಆದ್ರೆ ಫ್ಯಾಕ್ಟರಿಯಲ್ಲಿ ಗಂಧಕಾಮ್ಲ ಬಳಸೋದ್ರಿಂದ ಅದ್ರಲ್ಲಿ ಗಂಧಕ ಜಾಸ್ತಿ. ಹೊಟ್ಟೆಯಲ್ಲಿ ಅದು ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷದ ಗಾಳಿ ಆಗುತ್ತೆ, ದನ ತೇಗಿ ಅದನ್ನೇ ಉಸಿರಲ್ಲಿ ಎಳ್ಕೊಂಡ್ರೆ ಮೆದುಳಿಗೇ ಪೆಟ್ಟು, ಕಣ್ಣು ಕಾಣಲ್ಲ, ತೂರಾಡುತ್ತೆ. ಅದಕ್ಕೇ ಕಾಳು ಹೆಚ್ಚಿರೋ ಮೇವಲ್ಲಿ ಗಂಧಕ ಶೇ. 0.3 ದಾಟಬಾರದು ಅಂತಾರೆ, ಮತ್ತೆ ಕುಡಿಯೋ ನೀರಲ್ಲಿ ಸಲ್ಫೇಟ್ (ಗಂಧಕ ಇರೋ ಲವಣ) ಇದ್ರೆ ಅದನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು.