ಅನಂತ: ದೊಡ್ಡದು ಅಂದರೆ ಸಾಲದು

ಅನಂತ ಅನ್ನುವ ಪದವನ್ನು ನಾವು ಧಾರಾಳವಾಗಿ ಬಳಸುತ್ತೇವೆ. ಅನಂತ ಧನ್ಯವಾದ, ಅನಂತ ಕಷ್ಟ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡರೆ ಅನಂತ ವಾಹನ. ಬೆಂಗಳೂರಿನ ವಾಹನಗಳು ಒಂದು ಕೋಟಿ ದಾಟಿವೆ, ನಿಜ. ಆದರೂ ಲೆಕ್ಕ ಹಾಕುತ್ತಾ ಕೂತರೆ ಒಂದು ದಿನ ಮುಗಿಯುತ್ತದೆ. ಮುಗಿಯುವುದು ಎಷ್ಟೇ ಜಾಸ್ತಿ ಇರಲಿ, ಅದು ಅನಂತದ ಸಮೀಪಕ್ಕೂ ಹೋಗುವುದಿಲ್ಲ.

ಅನಂತವನ್ನು ಗುರುತಿಸುವುದು ಅದರ ನಡವಳಿಕೆಯಿಂದ. ಒಂದಿಷ್ಟು ಸೇರಿಸಿದರೆ ಹೆಚ್ಚುವುದಿಲ್ಲ, ಒಂದಿಷ್ಟು ತೆಗೆದರೆ ಕುಗ್ಗುವುದಿಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯರು ಇದನ್ನು ಹಿಡಿದಿದ್ದರು. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಬರುವುದಕ್ಕೆ 'ಖಹರ' ಎಂದರು. ಪ್ರಳಯದಲ್ಲಿ ಜೀವಿಗಳೆಲ್ಲ ಒಳಹೊಕ್ಕರೂ ಸೃಷ್ಟಿಯಲ್ಲಿ ಹೊರಬಂದರೂ ಅಚ್ಯುತನಲ್ಲಿ ಏರುಪೇರಾಗದು, ಖಹರವೂ ಹಾಗೇ ಎಂದು 'ಬೀಜಗಣಿತ'ದಲ್ಲಿ ಬರೆದರು. ಸೊನ್ನೆಯಿಂದ ಭಾಗಿಸುವುದನ್ನು ಇಂದಿನ ಶಾಲಾ ಗಣಿತ ಒಪ್ಪುವುದಿಲ್ಲ, ಅದು ಬೇರೆ ಮಾತು.

1920ರ ದಶಕದಲ್ಲಿ ಜರ್ಮನಿಯ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಒಂದು ಹೋಟೆಲನ್ನು ಕಲ್ಪಿಸಿಕೊಂಡರು. ಅದನ್ನು ನಮ್ಮ ಮೆಜೆಸ್ಟಿಕ್‌ಗೆ ತಂದಿಡೋಣ. ಲಾಡ್ಜಿನಲ್ಲಿ ಕೊನೆಯಿಲ್ಲದಷ್ಟು ರೂಮು, ಎಲ್ಲದರಲ್ಲೂ ಜನ. ರಾತ್ರಿ ಬಸ್ಸಿಳಿದವರೊಬ್ಬರು ಬಂದು, "ರೂಮ್ ಇದೆಯಾ ಸಾರ್?" ಅನ್ನುತ್ತಾರೆ. "ಫುಲ್ ಆಗಿದೆ, ಆದ್ರೂ ಬನ್ನಿ" ಅನ್ನುತ್ತಾನೆ ಮ್ಯಾನೇಜರ್. 1ನೇ ರೂಮಿನವರು 2ಕ್ಕೆ, 2ನೆಯವರು 3ಕ್ಕೆ, ಹೀಗೆ ಎಲ್ಲರೂ ಒಂದೊಂದು ರೂಮು ಮುಂದೆ. ಕೊನೆಯ ರೂಮೇ ಇಲ್ಲವಲ್ಲ, ಹಾಗಾಗಿ ಯಾರೂ ಬೀದಿಗೆ ಬೀಳುವುದಿಲ್ಲ. ಅನಂತ ಜನ ಒಟ್ಟಿಗೇ ಬಂದರೂ ಸರಿ. ಹಳಬರೆಲ್ಲ ತಮ್ಮ ರೂಮಿನ ಎರಡರಷ್ಟು ನಂಬರಿಗೆ ಹೋದರೆ ಬೆಸ ಸಂಖ್ಯೆಯ ರೂಮುಗಳೆಲ್ಲ ಖಾಲಿ!

ಇಷ್ಟು ಉದಾರ ಲಾಡ್ಜಿನಲ್ಲೂ ಹಿಡಿಸಲಾಗದ ಗುಂಪೊಂದಿದೆ. ಸೊನ್ನೆ ಮತ್ತು ಒಂದರ ನಡುವಿನ ದಶಮಾಂಶಗಳನ್ನೆಲ್ಲ ರೂಮಿಗೊಂದರಂತೆ ಕೂರಿಸಿದಿರಿ ಅನ್ನಿ. ಮೊದಲನೆಯದರ ಮೊದಲ ಅಂಕಿ, ಎರಡನೆಯದರ ಎರಡನೇ ಅಂಕಿ, ಹೀಗೆ ಓರೆಯಾಗಿ ಇಳಿಯುತ್ತಾ ಪ್ರತಿಯೊಂದನ್ನೂ ಬದಲಿಸಿ ಬರೆಯಿರಿ. ಸಿಕ್ಕ ಹೊಸ ಸಂಖ್ಯೆ ಯಾವ ರೂಮಿನಲ್ಲೂ ಇರುವುದಿಲ್ಲ. ಏಕೆಂದರೆ ಪ್ರತಿ ರೂಮಿನವರಿಗಿಂತ ಒಂದು ಅಂಕಿಯಲ್ಲಾದರೂ ಅದು ಬೇರೆ. ಅಂದರೆ ಅನಂತಗಳಲ್ಲೂ ಸಣ್ಣದು ದೊಡ್ಡದು ಇದೆ. 1891ರಲ್ಲಿ ಗಣಿತಜ್ಞ ಗೇಯೋರ್ಗ್ ಕ್ಯಾಂಟರ್ ಕೊಟ್ಟ ಈ ವಾದಕ್ಕಿಂತ ಚೊಕ್ಕದಾದ ವಾದವನ್ನು ನಾನು ಓದಿಲ್ಲ. ಇಷ್ಟಕ್ಕೂ ಅವರು ಅನಂತ ರೂಮುಗಳನ್ನು ನೋಡಲಿಲ್ಲ. ಸುಮ್ನೆ ಯೋಚಿಸಿದರು, ಅಷ್ಟೇ.

ವಿಶ್ವ ಅನಂತವೇ ಅನ್ನುವ ವಿಷಯದಲ್ಲಿ ಮಾತ್ರ ಯೋಚನೆ ಸಾಲದು, ಅಳೆಯಬೇಕು. ನೆಹರೂ ತಾರಾಲಯದ ಕತ್ತಲಲ್ಲಿ ಕೂತ ಮಕ್ಕಳಿಗೆ ಬರುವ ಪ್ರಶ್ನೆಯೇ ಇದು: ಈ ನಕ್ಷತ್ರಗಳ ಆಚೆ ಏನಿದೆ? ನಮಗೆ ಕಾಣಬಹುದಾದ ವಿಶ್ವದ ಅಡ್ಡಳತೆ ಸುಮಾರು 9,300 ಕೋಟಿ ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ ಒಂದು ಜ್ಯೋತಿರ್ವರ್ಷ). ವಿಶ್ವಕ್ಕೆ ಈಗ ಸುಮಾರು 1,380 ಕೋಟಿ ವರ್ಷ; ಬೆಳಕು ಹೊರಟ ಮೇಲೂ ವಿಶ್ವ ಹಿಗ್ಗುತ್ತಲೇ ಇದ್ದುದರಿಂದ ಅಡ್ಡಳತೆ ಇಷ್ಟು ದೊಡ್ಡದು. ಇನ್ನೂ ಆಚೆಯ ಬೆಳಕು ನಮ್ಮನ್ನು ತಲುಪಿಲ್ಲ.

ಇರುವ ಒಂದು ಸುಳಿವು ಅವಕಾಶದ, ಅಂದರೆ ವಿಶ್ವ ಹರಡಿರುವ ಜಾಗದ (ಸ್ಪೇಸ್), ಬಾಗು. ಅದು ಚೆಂಡಿನ ಮೈಯಂತೆ ಒಳಕ್ಕೆ ಬಾಗಿದ್ದರೆ ವಿಶ್ವ ಮಿತಿಯುಳ್ಳದ್ದು. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಪ್ಲಾಂಕ್ ಉಪಗ್ರಹದ ಅಳತೆಗಳು ಬಾಗು ಸೊನ್ನೆಯ ತೀರಾ ಹತ್ತಿರ ಎನ್ನುತ್ತವೆ. ಆದರೆ ಹತ್ತಿರ ಅಂದರೆ ಸೊನ್ನೆಯೇ ಅಲ್ಲ, ಅಲ್ವಾ? ಯಾವ ಅಳತೆಯಲ್ಲೂ ಚೂರು ಅನುಮಾನ ಉಳಿಯುತ್ತದೆ. ಪೂರ್ತಿ ಸೊನ್ನೆಯೇ ಆಗಿದ್ದರೂ ವಿಶ್ವ ತನ್ನೊಳಗೇ ಸುತ್ತಿಕೊಂಡು ಮುಗಿಯುವ ಸಾಧ್ಯತೆ ಗಣಿತದಲ್ಲಿದೆ. ಹಾಗಾಗಿ ವಿಶ್ವಕ್ಕೆ ಮಿತಿಯಿದೆ ಅನ್ನುವುದು ಮುಂದೊಂದು ದಿನ ಅಳತೆಗೆ ಸಿಗಬಹುದು. ಮಿತಿಯಿಲ್ಲ ಅನ್ನುವುದನ್ನು ಅಳೆದು ತೋರಿಸುವ ದಾರಿ ನನಗಂತೂ ಕಾಣುತ್ತಿಲ್ಲ.